ಬಾಗಿಲಿಗೆ ಬರುವ ವಿದ್ಯುದುಪಕರಣಗಳನ್ನು ಕುರಿತು ಗದಗ ಸೀಮೆಯ ಗೃಹಸ್ಥರಿಗೆ ಒಂದು ಬಹಿರಂಗ ಪತ್ರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಾನ್ಯ ಗೃಹಸ್ಥರಿಗೂ ಗೃಹಿಣಿಯರಿಗೂ, ಅವರ ಮನೆಗಳಲ್ಲಿ ತಂತಿ ಎಳೆಯುವ ವಾಯರಮನ್ ಬಂಧುಗಳಿಗೂ,

ಈ ಪತ್ರವನ್ನು ಬರೆಯಲು ಕಾರಣವಾದ ವಸ್ತುವು ಈಗ ನನ್ನ ಮೇಜಿನ ಮೇಲೆಯೇ ಇದೆ. ಅದು ಮೂರು ಪಿನ್ನುಗಳ ಒಂದು ಕರಿಯ ಪ್ಲಗ್ಗು ಮತ್ತು ಅದಕ್ಕೆ ಕೂಡಿಕೊಂಡಿರುವ ಗೇಣುದ್ದದ ತಂತಿ. ಕಳೆದ ಚಳಿಗಾಲದಲ್ಲಿ ಬೆಟಗೇರಿಯ ನಮ್ಮ ಓಣಿಯ ಒಂದು ಮನೆಯವರು, ಬಚ್ಚಲಿನ ನಳಕ್ಕೇ ತಗುಲಿಸಿ ತಿರುವಿದೊಡನೆ ಬಿಸಿನೀರು ಬರಿಸುವಂಥ ಉಪಕರಣವೊಂದನ್ನು ಮೊಬೈಲಿನಲ್ಲಿ ನೋಡಿ, ಬೆಲೆ ಅಗ್ಗವೆಂದು ತರಿಸಿಕೊಂಡರು. ನಾಲ್ಕನೆಯ ದಿನ ಡಬ್ಬಿ ಬಾಗಿಲಿಗೆ ಬಂತು. ಮನೆಯ ಹುಡುಗನು ವಿಡಿಯೋ ನೋಡಿಕೊಂಡು ತಾನೇ ಅದನ್ನು ಜೋಡಿಸಿದನು. ಎರಡು ದಿನ ಎಲ್ಲರೂ ಸುಖವಾಗಿ ಮಿಂದರು. ಮೂರನೆಯ ಬೆಳಗ್ಗೆ ಆ ಮನೆಯ ಅಜ್ಜಿ ನಳ ಮುಟ್ಟಿದವರೇ ಕೈ ಹಿಂದೆಗೆದು, "ಯವ್ವಾ, ನಳದಾಗ ಇರಿವಿ ಕಡಿದಂಗಾತು" ಎಂದರು. ವಯಸ್ಸಾದವರ ನರದ ದೌರ್ಬಲ್ಯವಿರಬೇಕೆಂದು ಮನೆಯವರು ಸುಮ್ಮನಾದರು. ಐದನೆಯ ದಿನ ಸೊಸೆಗೂ ಹಾಗೆಯೇ ಆದಾಗ, ಭೌತಶಾಸ್ತ್ರವನ್ನು ಕಲಿಸಿ ನಿವೃತ್ತನಾಗಿ ಅದೇ ಓಣಿಯಲ್ಲಿರುವ ನನ್ನನ್ನು, "ಮಾಸ್ತರ, ಒಂದೀಟು ಬಂದು ನೋಡ್ರಿ" ಎಂದು ಕರೆದರು.

ಮೇನ್ ಸ್ವಿಚ್ಚನ್ನು ಬಂದ್ ಮಾಡಿಸಿ, ಪ್ಲಗ್ಗಿನ ಸ್ಕ್ರೂಗಳನ್ನು ಬಿಚ್ಚಿ ಅದರ ಹೊಟ್ಟೆಯನ್ನು ತೆರೆದು ನೋಡಿದೆನು. ಎರಡು ಸಣ್ಣ ಪಿನ್ನುಗಳಿಗೆ ಎರಡು ತಂತಿಗಳು ಬಂದು ಸೇರಿದ್ದವು. ಮೇಲಿನ ದಪ್ಪ ಪಿನ್ನಿಗೆ ಯಾವ ತಂತಿಯೂ ಇರಲಿಲ್ಲ. ಅದರ ಸ್ಕ್ರೂವಿನ ತಲೆಯ ಮೇಲೆ ಸ್ಕ್ರೂಡ್ರೈವರ್ ಒಮ್ಮೆಯೂ ತಾಗಿದ ಗುರುತಿರಲಿಲ್ಲ. ತಂತಿ ಒಳಗೆಲ್ಲಿಯೋ ಕಳಚಿರಬಹುದೆಂದು ಮೇಲಿನ ರಬ್ಬರಿನ ಕವಚವನ್ನು ಬ್ಲೇಡಿನಿಂದ ಸೀಳಿದರೆ, ಮೂರು ತಂತಿಗಳಿರುವಷ್ಟು ದುಂಡಗೆ ದಪ್ಪಗೆ ತೋರುತ್ತಿದ್ದ ಆ ಕವಚದೊಳಗೆ ಎರಡೇ ತಂತಿಗಳಿದ್ದು, ಮೂರನೆಯದರ ಸ್ಥಳದಲ್ಲಿ ಹೊಸೆದ ಕಾಗದವನ್ನು ತುಂಬಿದ್ದರು. ಇದು ಕೈತಪ್ಪಿನಿಂದ ಆದದ್ದಲ್ಲವೆಂಬುದಕ್ಕೆ ಆ ಕಾಗದವೇ ಸಾಕ್ಷಿ. ಮೂರನೆಯ ತಂತಿಯ ತಾಮ್ರಕ್ಕೆ ತಗುಲುವ ಕೆಲವೇ ರೂಪಾಯಿಗಳನ್ನು ಉಳಿಸುವುದಕ್ಕಾಗಿ ಯಾರೋ, ಎಲ್ಲಿಯೋ, ನಮ್ಮ ಓಣಿಯ ಅಜ್ಜಿಯ ಪ್ರಾಣವನ್ನು ಪಣಕ್ಕೊಡ್ಡಿದ್ದರು. ಅವರ ಹೆಸರು ಡಬ್ಬಿಯ ಮೇಲಿರಲಿಲ್ಲ.

ನಮ್ಮ ದೇಶದ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪವಾಗಿಯೂ ಉದ್ದವಾಗಿಯೂ ಏಕಿದೆಯೆಂದು ನಾನು ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷವೂ ಮಕ್ಕಳನ್ನು ಕೇಳುತ್ತಿದ್ದೆನು. ದಪ್ಪವಾಗಿರುವುದು ಅದು ಬೇರೆಯ ರಂಧ್ರಕ್ಕೆ ಹೋಗಬಾರದೆಂದು. ಉದ್ದವಾಗಿರುವುದು, ಪ್ಲಗ್ಗನ್ನು ಒತ್ತುವಾಗ ಎಲ್ಲಕ್ಕಿಂತ ಮೊದಲು ಅದು ಭೂಮಿಯೊಡನೆ ಸಂಬಂಧ ಹೊಂದಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಆ ಸಂಬಂಧವನ್ನು ಬಿಡಬೇಕೆಂದು. ನಾವು ಅರ್ಥಿಂಗ್ ಎನ್ನುವುದು ಇದನ್ನೇ. ಉಪಕರಣದ ಒಳಗಿನ ನಿರೋಧಕ ಪದರವು ಸವೆದೋ ಒಡೆದೋ ವಿದ್ಯುತ್ತು ಅದರ ಮೈಗೆ ಹರಿದಾಗ, ಆ ಪ್ರವಾಹಕ್ಕೆ ಮನುಷ್ಯದೇಹಕ್ಕಿಂತ ಸುಲಭವಾದ ಮಾರ್ಗವೊಂದನ್ನು ಮಣ್ಣಿನವರೆಗೆ ತೆರೆದಿಡುವುದೇ ಆ ಮೂರನೆಯ ತಂತಿಯ ಕೆಲಸ. ಆ ಮಾರ್ಗವಿಲ್ಲದಿದ್ದರೆ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ನಳ ಮುಟ್ಟಿದವರೇ ಮಾರ್ಗವಾಗುತ್ತಾರೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಮಿಂದು ಬಂದು, ಉಟ್ಟ ಒದ್ದೆಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಬರೆಯುತ್ತಿದ್ದನೆಂಬ ಐತಿಹ್ಯವನ್ನು ಭಕ್ತಿಯಿಂದ ಹೇಳಿಕೊಂಡು ಬಂದ ಊರು ನಮ್ಮದು. ಒದ್ದೆ ಮೈಯನ್ನು ಮಡಿಯೆಂದು ಗೌರವಿಸುವ ನಮಗೆ, ಅದೇ ಒದ್ದೆ ಮೈಯು ವಿದ್ಯುತ್ತಿಗೆ ಅತ್ಯಂತ ಸುಗಮವಾದ ದಾರಿಯೆಂಬುದು ಸದಾ ನೆನಪಿನಲ್ಲಿರಬೇಕಾಗಿದೆ.

ಇಲ್ಲಿ ಸ್ವಲ್ಪ ಲೆಕ್ಕವನ್ನು ತಾವು ಸಹಿಸಬೇಕು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಒದ್ದೆಯಾದ ದೇಹದ ಪ್ರತಿರೋಧವನ್ನು ಸುಮಾರು 1000 ಓಮ್ ಎಂದು ಹಿಡಿದರೆ, ಅದರ ಮೂಲಕ ಹರಿಯುವ ಪ್ರವಾಹವು 230 ಮಿಲಿಆಂಪಿಯರ್, ಎಂದರೆ ಒಂದು ಆಂಪಿಯರಿನ ಕಾಲು ಭಾಗಕ್ಕೂ ಕಡಿಮೆ. ಹೃದಯದ ಗತಿಯನ್ನು ಕೆಡಿಸಿ ಪ್ರಾಣ ತೆಗೆಯಲು ಇಷ್ಟು ಧಾರಾಳವಾಗಿ ಸಾಕು. "ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಏನಾದರೂ ಆದರೆ ಅದು ತಾನೇ ಬೀಳುತ್ತದೆ" ಎಂದು ಧೈರ್ಯದಿಂದಿರುವವರು ಈ ಅಂಕಿಯನ್ನು ಗಮನಿಸಬೇಕು. ಗೀಜರಿಗೆ ಹಾಕುವ ಎಂಸಿಬಿ ಸಾಮಾನ್ಯವಾಗಿ 16 ಆಂಪಿಯರಿನದು; ಮನುಷ್ಯನನ್ನು ಕೊಲ್ಲುವ ಪ್ರವಾಹವು ಅದರ ಎಪ್ಪತ್ತರಲ್ಲೊಂದು ಪಾಲು. ಆ ಎಂಸಿಬಿಗೆ ಅದು ಒಂದು ಸಣ್ಣ ಬಲ್ಬು ಹೊತ್ತಿದ ಹಾಗೆ. ಅದು ಬೀಳುವ ಮಾತೇ ಇಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯುವುದಕ್ಕೆ. ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ, ಅದರ ಹೆಸರು ಆರ್‌ಸಿಸಿಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿವೆಯೇ ಎಂದು ಅದು ಕ್ಷಣಕ್ಷಣವೂ ತೂಗುತ್ತಿದ್ದು, 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಒಂದು ಸೆಕೆಂಡಿನ ಮೂರರಲ್ಲೊಂದು ಪಾಲಿನೊಳಗೆ ಮನೆಯ ವಿದ್ಯುತ್ತನ್ನು ಕಡಿದುಹಾಕುತ್ತದೆ. ನಾನು ನೋಡಿದ ಹಳೆಯ ಮನೆಗಳಲ್ಲಿ ಇದನ್ನು ಕಂಡದ್ದು ತೀರ ಅಪರೂಪ; ಸಾವಿರಾರು ರೂಪಾಯಿಗಳ ಉಪಕರಣಗಳನ್ನು ತರಿಸಿಕೊಂಡವರು ಇದೊಂದನ್ನು ಮಾತ್ರ ಮರೆತಿರುತ್ತಾರೆ.

ನಮ್ಮ ಸೀಮೆಯ ಮಣ್ಣೂ ನೀರೂ ಈ ಅಪಾಯವನ್ನು ಹೆಚ್ಚಿಸುತ್ತವೆಯೆಂಬುದು ಹೊರಗಿನವರಿಗೆ ತಿಳಿಯದ ಸಂಗತಿ. ಎರೆಯ ಹೊಲಗಳು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮನೆ ಕಟ್ಟುವಾಗ ಉಪ್ಪು-ಇದ್ದಿಲು ತುಂಬಿ ಹೂಳಿದ ಅರ್ಥಿಂಗ್ ಗುಂಡಿಯ ಸುತ್ತಲಿನ ಎರೆಯೂ ಹಾಗೆಯೇ ಬಿರಿದು, ಕೊಳವೆಗೂ ಮಣ್ಣಿಗೂ ನಡುವೆ ಗಾಳಿ ಸೇರಿ, ಆ ಗುಂಡಿ ಹೆಸರಿಗೆ ಮಾತ್ರ ಉಳಿಯುತ್ತದೆ. ಒಣಗಿದ ಗುಂಡಿಯ ಪ್ರತಿರೋಧ 50 ಓಮ್ ಆಯಿತೆಂದು ಹಿಡಿಯಿರಿ. ಗೀಜರಿನ ಮೈಗೆ ಪೂರ್ತಿ ವಿದ್ಯುತ್ತು ತಗುಲಿದರೂ ಮಣ್ಣಿಗೆ ಹರಿಯುವುದು ಸುಮಾರು ನಾಲ್ಕೂವರೆ ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಕದಲುವುದಿಲ್ಲ, ಗೀಜರಿನ ಮೈ ಜೀವಂತ ತಂತಿಯಾಗಿಯೇ ಉಳಿಯುತ್ತದೆ. ಹಿರಿಯರು ಬೇಸಿಗೆಯಲ್ಲಿ ತುಳಸಿಕಟ್ಟೆಗೆ ನೀರೆರೆದಷ್ಟೇ ನಿಷ್ಠೆಯಿಂದ ವಾರಕ್ಕೊಮ್ಮೆ ಅರ್ಥಿಂಗ್ ಗುಂಡಿಗೂ ಎರಡು ಕೊಡ ನೀರು ಹಾಕುತ್ತಿದ್ದ ಮನೆಗಳನ್ನು ನಾನು ಬಲ್ಲೆನು. ಈಗಿನ ಹೊಸ ಮನೆಗಳಲ್ಲಿ ಆ ಗುಂಡಿ ಎಲ್ಲಿದೆಯೆಂದು ಕೇಳಿದರೆ ಮನೆಯ ಯಜಮಾನನಿಗೇ ಗೊತ್ತಿರುವುದಿಲ್ಲ. ಎಷ್ಟೋ ಕಡೆ ಅದರ ಮೇಲೆ ಅಂಗಳದ ಫರಸಿ ಬಂದು ಕುಳಿತಿದೆ.

ನೀರಿನ ವಿಷಯವೂ ಹೀಗೆಯೇ. ನಮ್ಮ ಬೋರಿನ ಸವಳು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದು ಅಡಿಗೆಮನೆಯಲ್ಲಿರುವ ಪ್ರತಿಯೊಬ್ಬ ತಾಯಿಗೂ ಗೊತ್ತು. ಅದೇ ಪೊರೆಯು ಗೀಜರಿನ ಕಾಯಿಲಿನ ಮೇಲೆ ಕೂತಾಗ, ಒಳಗಿನ ಕಾವು ನೀರಿಗೆ ಹೋಗಲಾರದೆ ಕಾಯಿಲನ್ನೇ ಸುಡತೊಡಗುತ್ತದೆ. ಹೊರಗಿನ ಲೋಹದ ಕೊಳವೆ ಬಿರಿಯುತ್ತದೆ. ಒಳಗಿನ ವಿದ್ಯುತ್ತು ನೀರಿಗೆ ಇಳಿಯುತ್ತದೆ. ಒಳ್ಳೆಯ ಕಾಯಿಲು ವರ್ಷಗಳ ಕಾಲ ಈ ಹಿಂಸೆಯನ್ನು ತಾಳಿಕೊಂಡೀತು. ತೆಳುವಾದ ಕೊಳವೆಯ ಅಗ್ಗದ ಕಾಯಿಲಿಗೆ ಒಂದು ಚಳಿಗಾಲವೂ ಹೆಚ್ಚು. ಬಕೆಟ್ಟಿಗೆ ಇಳಿಬಿಡುವ ಕಾಯಿಲನ್ನು ತಾಮ್ರದ ಹಂಡೆಗೋ ಕಬ್ಬಿಣದ ಬಕೆಟ್ಟಿಗೋ ಇಳಿಬಿಟ್ಟು, ಸ್ವಿಚ್ಚನ್ನು ತೆಗೆಯದೆಯೇ ಬೆರಳದ್ದಿ ಕಾವು ನೋಡುವ ಅಭ್ಯಾಸ ನಮ್ಮಲ್ಲಿ ಮನೆಮನೆಗೂ ಇದೆ. ದಯವಿಟ್ಟು ಅದನ್ನು ಇಂದಿಗೇ ಬಿಡಿರಿ. ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ ಮೇಲೆಯೇ ನೀರನ್ನು ಮುಟ್ಟಬೇಕು.

ಶಾಕಿನ ಅಪಾಯವು ಕ್ಷಣದಲ್ಲಿ ತೋರಿದರೆ, ಬೆಂಕಿಯ ಅಪಾಯವು ಗೋಡೆಯೊಳಗೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಬೆಟಗೇರಿಯ ನೇಕಾರ ಓಣಿಗಳ ಹಳೆಯ ಮನೆಗಳಾಗಲಿ, ಲಕ್ಷ್ಮೇಶ್ವರದ ಪೇಟೆಯ ಮಾಳಿಗೆಮನೆಗಳಾಗಲಿ, ಅವುಗಳ ಒಳತಂತಿಯನ್ನು ಎಳೆದ ಕಾಲಕ್ಕೆ ಮನೆಯೊಳಗೆ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ ಇದ್ದವು. ಎರಡು ಆಂಪಿಯರ್ ಪ್ರವಾಹವನ್ನು ಹೊರಲೆಂದು ಹಾಕಿದ ಆ ತಂತಿಗೆ ಇಂದು 3 ಕಿಲೋವಾಟಿನ ಹೀಟರನ್ನು ತಗುಲಿಸಿದರೆ ಅದು ಹೊರಬೇಕಾಗುವುದು 13 ಆಂಪಿಯರ್. ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರವಾಹ ಆರೂವರೆ ಪಟ್ಟಾದಾಗ ಕಾವು ನಲವತ್ತೆರಡು ಪಟ್ಟಾಗುತ್ತದೆ. ಬಳಸಿ ತೆಗೆದ ಪ್ಲಗ್ಗು ಬೆಚ್ಚಗಿದ್ದರೆ, ಅದರ ಪಿನ್ನಿನ ಬುಡ ಕಂದಾಗಿದ್ದರೆ, ಸುಟ್ಟ ಮೀನಿನಂಥ ವಾಸನೆ ಬಂದರೆ, ಗೋಡೆಯು ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಇಂಥ ಮನೆಗೆ, ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂಡಿಸುವ ಅಡಾಪ್ಟರೆಂಬ ಇನ್ನೊಂದು ಅಗ್ಗದ ವಸ್ತುವೂ ಅದೇ ಡಬ್ಬಿಯಲ್ಲಿ ಉಚಿತವಾಗಿ ಬರುತ್ತದೆ. 16 ಆಂಪಿಯರಿನ ಪ್ಲಗ್ಗು 6 ಆಂಪಿಯರಿನ ಸಾಕೆಟ್ಟಿಗೆ ಹೋಗದಂತೆ ಮಾಡಿಟ್ಟ ವ್ಯವಸ್ಥೆಯೇ ನಮ್ಮ ರಕ್ಷಣೆ. ಆ ವ್ಯವಸ್ಥೆಯನ್ನು ಮುರಿಯುವುದೇ ಈ ಉಚಿತ ಕಾಣಿಕೆಯ ಕೆಲಸ.

ತಂತಿಯನ್ನೂ ಈಗ ಜನ ಮೊಬೈಲಿನಲ್ಲಿಯೇ ತರಿಸುತ್ತಿದ್ದಾರೆ. ತಾಮ್ರದ ಬಣ್ಣವಿದ್ದ ಮಾತ್ರಕ್ಕೆ ಅದು ತಾಮ್ರವಲ್ಲ; ಅಲ್ಯೂಮಿನಿಯಮ್ಮಿನ ಎಳೆಗೆ ತಾಮ್ರದ ತೆಳು ಲೇಪವನ್ನು ಕೊಟ್ಟ ತಂತಿ ಮಾರುಕಟ್ಟೆಯಲ್ಲಿದೆ, ಅದರ ಪ್ರತಿರೋಧ ಶುದ್ಧ ತಾಮ್ರದ ಒಂದೂವರೆ ಪಟ್ಟಿಗೂ ಮಿಕ್ಕುದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗಿನ ಬಿಳುಪು ತಾನೇ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಪ್ಲಗ್ಗಿನ ಪಿನ್ನಿಗೆ ಒಂದು ಸಣ್ಣ ಅಯಸ್ಕಾಂತವನ್ನು ತಾಗಿಸಿ ನೋಡಿರಿ. ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಮುಲಾಮು ಬಳಿದ ಕಬ್ಬಿಣ.

ಇನ್ನು ಮುದ್ರೆಯ ವಿಚಾರ. ಗೀಜರು, ನೀರು ಕಾಯಿಸುವ ಕಾಯಿಲು, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ತಂತಿ, ಎಂಸಿಬಿ ಮೊದಲಾದವುಗಳನ್ನು ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಮುದ್ರೆಯಿಲ್ಲದೆ ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರಕಾರವು 2003ರ ಆದೇಶದಿಂದಲೇ ನಿಷೇಧಿಸಿದೆ. 2016ರ ಮಾನಕ ಬ್ಯೂರೋ ಕಾಯಿದೆಯ ಪ್ರಕಾರ ಮೊದಲ ಅಪರಾಧಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಎರಡು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದು. ಕಾಯಿದೆ ಇಷ್ಟು ಕಠಿಣವಾಗಿದ್ದೂ ಏನಾಗುತ್ತಿದೆಯೆಂಬುದಕ್ಕೆ ಒಂದೇ ನಿದರ್ಶನ ಸಾಕು. 2025ರ ಮಾರ್ಚ್ 19ರಂದು ಬ್ಯೂರೋದ ಅಧಿಕಾರಿಗಳು ದಿಲ್ಲಿಯ ಮೋಹನ್ ಕೋಆಪರೇಟಿವ್ ಕೈಗಾರಿಕಾ ಪ್ರದೇಶದಲ್ಲಿ ಅಮೆಜಾನ್ ಸೆಲ್ಲರ್ಸ್ ಸಂಸ್ಥೆಯ ಗೋದಾಮನ್ನು ಹದಿನೈದು ಗಂಟೆಗಳಿಗೂ ಮಿಕ್ಕು ಶೋಧಿಸಿ, ಮುದ್ರೆಯೇ ಇಲ್ಲದ ಅಥವಾ ಖೊಟ್ಟಿ ಮುದ್ರೆಯ 3,500ಕ್ಕೂ ಹೆಚ್ಚು ವಿದ್ಯುತ್ ವಸ್ತುಗಳನ್ನು ವಶಪಡಿಸಿಕೊಂಡರು; ಅವುಗಳಲ್ಲಿ ಗೀಜರುಗಳೂ ಮಿಕ್ಸರುಗಳೂ ಇದ್ದವು; ಒಟ್ಟು ಬೆಲೆ ಸುಮಾರು 70 ಲಕ್ಷ ರೂಪಾಯಿ. ಅದು ಒಂದು ದಿನ, ಒಂದು ಗೋದಾಮಿನಲ್ಲಿ ಸಿಕ್ಕಿದ್ದು. ಅಲ್ಲಿ ಸಿಕ್ಕದೆ ಹೊರಟುಹೋದ ಡಬ್ಬಿಗಳು ಯಾವ ಯಾವ ಊರಿನ ಬಚ್ಚಲನ್ನು ಸೇರಿದವೋ ಎಂಬ ಯೋಚನೆ ನನ್ನನ್ನು ಎಷ್ಟೋ ರಾತ್ರಿ ಕಾಡಿದೆ.

ಮುದ್ರೆಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಬರಿಯ ‘ಐಎಸ್‌ಐ’ ಎಂಬ ಮೂರಕ್ಷರಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಿಜವಾದ ಮುದ್ರೆಯ ಮೇಲ್ಭಾಗದಲ್ಲಿ ಆ ವಸ್ತುವಿನ ಮಾನಕದ ಸಂಖ್ಯೆಯೂ (ನೀರು ಸಂಗ್ರಹಿಸುವ ಗೀಜರಿಗೆ ಅದು 2082, ಬಕೆಟ್ಟಿನ ಕಾಯಿಲಿಗೆ 368), ಕೆಳಭಾಗದಲ್ಲಿ ‘ಸಿಎಂ/ಎಲ್’ ಎಂದು ಆರಂಭವಾಗುವ ತಯಾರಕನ ಪರವಾನಗಿ ಸಂಖ್ಯೆಯೂ ಇರುತ್ತವೆ. ಬ್ಯೂರೋದವರ ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಪರವಾನಗಿ ಸಂಖ್ಯೆಯನ್ನು ಹಾಕಿದರೆ ತಯಾರಕನ ಹೆಸರು, ಊರು, ಪರವಾನಗಿ ಜೀವಂತವಿದೆಯೋ ಇಲ್ಲವೋ ಎಂಬುದೆಲ್ಲ ತೋರುತ್ತದೆ. ಕೊಳ್ಳಲು ಉಪಯೋಗಿಸಿದ ಮೊಬೈಲನ್ನೇ ಈ ಪರೀಕ್ಷೆಗೂ ಉಪಯೋಗಿಸಬಹುದು. ಎರಡು ನಿಮಿಷದ ಕೆಲಸ. ‘ಸಿಇ’ ಎಂಬ ಗುರುತನ್ನು ಕಂಡು ಮೋಸಹೋಗಬಾರದು: ಅದು ಯುರೋಪಿನ ಮಾರುಕಟ್ಟೆಗಾಗಿ ಬಹುಮಟ್ಟಿಗೆ ತಯಾರಕನೇ ತನ್ನ ಮೇಲೆ ತಾನು ಕೊಟ್ಟುಕೊಳ್ಳುವ ಘೋಷಣೆ, ನಮ್ಮ ಕಾಯಿದೆಯಲ್ಲಿ ಅದು ಐಎಸ್‌ಐ ಮುದ್ರೆಯ ಸ್ಥಾನಕ್ಕೆ ಬರಲಾರದು. ನಕ್ಷತ್ರಗಳ ಚೀಟಿಯೂ ವಿದ್ಯುತ್ತಿನ ಮಿತವ್ಯಯವನ್ನು ಹೇಳುತ್ತದೆಯೇ ಹೊರತು ಪ್ರಾಣರಕ್ಷಣೆಯ ಮಾತನ್ನು ಹೇಳುವುದಿಲ್ಲ.

ನಾನು ನೋಡಿದ ಡಬ್ಬಿಯೊಳಗಿನ ಕೈಪಿಡಿಯು ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಚೀನೀ ಭಾಷೆಯಲ್ಲಿಯೂ ಒಡಕು ಇಂಗ್ಲಿಷಿನಲ್ಲಿಯೂ ಇತ್ತು. ಪುಲಿಗೆರೆ, ಕೊಪಣ, ಕಿಸುವೊಳಲು, ಒಕ್ಕುಂದಗಳ ನಡುವಣ ನಾಡೇ ಕನ್ನಡದ ತಿರುಳೆಂದು ಕವಿರಾಜಮಾರ್ಗಕಾರನು ಹೇಳಿ ಸಾವಿರದ ನೂರು ವರ್ಷಗಳಿಗೂ ಮಿಕ್ಕಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಂಥ ನೆಲದ ತಾಯಿಯೊಬ್ಬಳ ಬಚ್ಚಲಿಗೆ ಬರುವ ವಸ್ತುವಿನ ಮೇಲೆ ‘ಭೂಸಂಪರ್ಕವಿಲ್ಲದೆ ಬಳಸಬೇಡಿ’ ಎಂಬ ಎರಡು ಕನ್ನಡದ ಪದಗಳಿಗೆ ಸ್ಥಳವಿಲ್ಲವೆಂದರೆ, ಮಾರುವವನು ನಮ್ಮ ಪ್ರಾಣಕ್ಕೆ ಕಟ್ಟಿದ ಬೆಲೆ ಯಾವುದೆಂದು ತಿಳಿಯುತ್ತದೆ.

ಇಷ್ಟು ಹೇಳಿದೆನೆಂದು, ದೂರದಿಂದ ಕೊಳ್ಳುವುದೇ ಪಾಪವೆಂಬ ಅಭಿಪ್ರಾಯ ನನ್ನದೆಂದು ಯಾರೂ ಭಾವಿಸಬಾರದು. ಮುಂಡರಗಿಯ ಹೆಣ್ಣುಮಗಳೊಬ್ಬಳು ಒಂದು ಗೀಜರಿಗಾಗಿ ಬಸ್ಸು ಹಿಡಿದು ಗದಗಿಗೆ ಬಂದು, ನಾಲ್ಕು ಅಂಗಡಿ ತಿರುಗಿ, ಅಂಗಡಿಯವನು ತೋರಿಸಿದ ಎರಡರಲ್ಲಿ ಒಂದನ್ನು ಆರಿಸಬೇಕಾದ ಕಾಲ ಹೋಗಿ, ಮನೆಯಲ್ಲಿ ಕುಳಿತು ಇಪ್ಪತ್ತನ್ನು ಹೋಲಿಸಿ ನೋಡುವ ಸ್ವಾತಂತ್ರ್ಯ ಅವಳಿಗೆ ದೊರೆತಿರುವುದು ಸಣ್ಣ ಲಾಭವಲ್ಲ. ನಮ್ಮ ಪೇಟೆಗಳಲ್ಲಿಯೂ ಖೊಟ್ಟಿ ಮಾಲು ಇಲ್ಲವೆಂದು ನಾನು ಆಣೆ ಮಾಡಲಾರೆನು. ಹೆಸರಾಂತ ಕಂಪನಿಗಳ ಪ್ರಮಾಣಿತ ವಸ್ತುಗಳು ಮೊಬೈಲಿನ ಮೂಲಕವೂ ಬರುತ್ತವೆ, ಅವುಗಳನ್ನು ಕೂಡಿಸಲು ಕಂಪನಿಯ ಮನುಷ್ಯನೂ ಬರುತ್ತಾನೆ. ನನ್ನ ವ್ಯಥೆ ಇರುವುದು ಬೇರೆ ಕಡೆ. ಪೇಟೆಯ ಅಂಗಡಿಯವನು ಮಾರಿದ ಕಾಯಿಲು ಶಾಕ್ ಹೊಡೆದರೆ, ಮರುದಿನ ಬೆಳಗ್ಗೆ ಅವನ ಕಟ್ಟೆಯ ಮುಂದೆ ಅದನ್ನು ಇಟ್ಟು, "ಏನ್ರೀ ಇದು?" ಎಂದು ಕೇಳಬಹುದು, ಅವನು ಮುಖ ತಪ್ಪಿಸಲಾರ, ಜಾತ್ರೆಯಲ್ಲಿ, ಮದುವೆಯಲ್ಲಿ, ಮಠದ ಪಂಕ್ತಿಯಲ್ಲಿ ಮತ್ತೆ ನಮ್ಮೆದುರಿಗೇ ಬರಬೇಕು. ಹೆಸರಿಲ್ಲದ ಮಾರಾಟಗಾರನಾದರೋ ಒಂದು ಹೆಸರಿನಲ್ಲಿ ದೂರು ಬಂದರೆ ಆ ಹೆಸರನ್ನೇ ಅಳಿಸಿ, ಮರುದಿನ ಇನ್ನೊಂದು ಹೆಸರಿನಲ್ಲಿ ಅದೇ ವಸ್ತುವನ್ನು ಮಾರುತ್ತಾನೆ. ನಮ್ಮ ಓಣಿಯ ಆ ಮನೆಯವರು ದೂರು ಕೊಡಲು ಹೋದಾಗ ಆದದ್ದೂ ಇದೇ.

ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಅದರ ತಳಹದಿ ಒಬ್ಬನ ಸಾಲಕ್ಕೆ ಇನ್ನೊಬ್ಬನು ಹೊಣೆಯಾಗುವುದೇ ಆಗಿತ್ತು. ಹೊಣೆ ನಿಲ್ಲುವವನ ಮುಖ ಎಲ್ಲರಿಗೂ ಗೊತ್ತಿರುತ್ತಿತ್ತು. ಹೊಣೆಗಾರಿಕೆಯ ಆ ಪದ್ಧತಿಯನ್ನು ದುಡ್ಡಿನ ವ್ಯವಹಾರದಲ್ಲಿ ನಾಡಿಗೇ ಕಲಿಸಿಕೊಟ್ಟ ನಾವು, ಪ್ರಾಣದ ವ್ಯವಹಾರದಲ್ಲಿ ಕೈಬಿಡುವುದೇಕೆ? ಗೋಡೆಯ ಸಾಕೆಟ್ಟಿಗೆ ಹೋಗುವ ಯಾವ ವಸ್ತುವಿಗಾದರೂ ಹೆಸರು ಹೇಳಿ ಕರೆಯಬಹುದಾದ ಒಬ್ಬ ತಯಾರಕನೂ, ಕರೆದರೆ ಬರುವ ಒಬ್ಬ ಜೋಡಿಸುವವನೂ ಇರಲೇಬೇಕು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಅದು ಎಷ್ಟೇ ಅಗ್ಗವಾಗಿರಲಿ, ಹೊಸ್ತಿಲು ದಾಟಿಸಬಾರದು.

ಎರಡು ವಸ್ತುಗಳ ವಿಷಯವನ್ನು ಮಾತ್ರ ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಸಾಕೆಟ್ಟಿಗೆ ಚುಚ್ಚಿಟ್ಟರೆ ಬಿಲ್ಲು ಅರ್ಧವಾಗುತ್ತದೆಂದು ಮಾರುವ ‘ಪವರ್ ಸೇವರ್’ ಡಬ್ಬಿಯೊಳಗೆ ಸಾಮಾನ್ಯವಾಗಿ ಒಂದು ಕೆಪ್ಯಾಸಿಟರ್ ಮತ್ತು ಒಂದು ಹಸಿರು ದೀಪ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮನೆಯ ಮೀಟರು ಎಣಿಸುವ ಯುನಿಟ್ಟುಗಳನ್ನು ಅದು ಇಳಿಸಲಾರದು, ಕಳಪೆ ಕೆಪ್ಯಾಸಿಟರ್ ಸಿಡಿದರೆ ಬೆಂಕಿಯನ್ನು ಮಾತ್ರ ಹಚ್ಚೀತು. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳಿಸುವ ಅಡಿಗೆಯ ಉಪಕರಣಗಳು ಅಲ್ಲಿನ ಮನೆಗಳ 120 ವೋಲ್ಟಿಗೆ ಮಾಡಿದವು; ನಮ್ಮ 230 ವೋಲ್ಟಿಗೆ ನೇರವಾಗಿ ಕೂಡಿಸಿದರೆ ಅವುಗಳಲ್ಲಿ ಹುಟ್ಟುವ ಕಾವು ಸುಮಾರು ಮೂರೂಮುಕ್ಕಾಲು ಪಟ್ಟಾಗುತ್ತದೆ.

ವಾಯರಮನ್ ಬಂಧುಗಳಲ್ಲಿ ನನ್ನ ಅರಿಕೆ ಪ್ರತ್ಯೇಕವಾದದ್ದು. ಗಿರಾಕಿಯ ಒತ್ತಾಯಕ್ಕೆ ಮಣಿದು, ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಗೀಜರನ್ನು ಕೂಡಿಸಿ ಬರುವ ಪ್ರಸಂಗ ತಮಗೆ ನಿತ್ಯವೂ ಬರುತ್ತದೆಂದು ಬಲ್ಲೆನು. ಕೆಲವೊಮ್ಮೆ ಅರ್ಥಿಂಗ್ ಪಿನ್ನನ್ನು ನ್ಯೂಟ್ರಲ್ಲಿಗೇ ಜೋಡಿಸಿ, ಟೆಸ್ಟರಿನ ದೀಪ ಹೊತ್ತದಿರುವುದನ್ನು ತೋರಿಸಿ, ಕೆಲಸ ಮುಗಿಯಿತೆನ್ನುವವರೂ ಇದ್ದಾರೆ. ಬೀದಿಯ ನ್ಯೂಟ್ರಲ್ ತಂತಿ ಒಂದು ಮಳೆಗಾಳಿಗೆ ಕಡಿದುಬಿದ್ದ ಗಳಿಗೆಯಲ್ಲಿ ಆ ಮನೆಯ ಗೀಜರು, ಫ್ರಿಜ್ಜು, ವಾಷಿಂಗ್ ಮಷೀನು, ಎಲ್ಲದರ ಮೈಗೂ ವಿದ್ಯುತ್ತು ಏರುತ್ತದೆ. "ಇದನ್ನ ಹಿಂಗ ಜೋಡಸಾಕ ಬರಂಗಿಲ್ರೀ" ಎಂದು ಒಮ್ಮೆ ಗಟ್ಟಿಯಾಗಿ ಹೇಳಿ, ಸಾಮಾನಿನ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಬಿಡುವ ಧೈರ್ಯವನ್ನು ತಾವು ಮಾಡಬೇಕು. ಅಂಥ ವಾಯರಮನ್ ಅಹಂಕಾರಿಯಲ್ಲ, ಮನೆಯ ಹಿತಚಿಂತಕನೆಂದು ತಿಳಿಯುವ ಜವಾಬ್ದಾರಿ ಗೃಹಸ್ಥರದು. ಮನೆಯ ತಂತಿಯ ಕೆಲಸವನ್ನು ಸರಕಾರದ ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ ಮಾಡಿಸಬೇಕೆಂಬುದು ನಿಯಮವೂ ಹೌದು.

ಮೋಸಹೋದವರಿಗೆ ದಾರಿಯಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನು ತನ್ನ ಹೆಸರು, ವಿಳಾಸಗಳನ್ನೂ, ವಿದೇಶದ ವಸ್ತುವಾದರೆ ತರಿಸಿದವನ ವಿವರವನ್ನೂ ತೋರಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರಿದವನು ಎಷ್ಟೇ ದೂರದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಂಡವನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಲು ಅವಕಾಶ ಕೊಟ್ಟಿರುವುದರಿಂದ, ಶಿರಹಟ್ಟಿಯವರು ದಿಲ್ಲಿಗೆ ಅಲೆಯದೆ ಗದಗಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಿಲ್ಲಬಹುದು. ಐದು ಲಕ್ಷ ರೂಪಾಯಿವರೆಗಿನ ಬೆಲೆಯ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ. ಆದಕಾರಣ ಡಬ್ಬಿಯನ್ನು ಒಲೆಗೆ ಹಾಕದೆ, ಬಿಲ್ಲನ್ನೂ ಡಬ್ಬಿಯ ಮೇಲಿನ ಚೀಟಿಯನ್ನೂ ಜೋಪಾನ ಮಾಡಿರಿ. ಇದೆಲ್ಲವೂ ಬದುಕಿ ಉಳಿದವರಿಗಾಗಿ. ದೇಶದಲ್ಲಿ ವರ್ಷವೊಂದಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ತಿಗೆ ಬಲಿಯಾಗುತ್ತಿದ್ದಾರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಹೊಲದ ತಂತಿ, ಬೀದಿಯ ಕಂಬಗಳಿಂದಾದ ಸಾವುಗಳೂ ಅದರಲ್ಲಿ ಸೇರಿವೆ.

ಎಂದಾದರೂ ಮನೆಯಲ್ಲಿ ಯಾರಿಗಾದರೂ ಕರೆಂಟು ಹಿಡಿದರೆ, ಮುಟ್ಟಿ ಎಳೆಯಲು ಓಡಬೇಡಿರಿ. ಮೊದಲು ಮೇನ್ ಸ್ವಿಚ್ಚನ್ನು ಬಂದ್ ಮಾಡಿ, ಅದು ದೂರವಿದ್ದರೆ ಒಣಗಿದ ಕಟ್ಟಿಗೆಯಿಂದ ಅವರನ್ನು ಬಿಡಿಸಿ, ಉಸಿರಿಲ್ಲದಿದ್ದರೆ ಎದೆಯನ್ನು ಒತ್ತುತ್ತಲೇ 108ಕ್ಕೆ ಕರೆ ಮಾಡಿಸಿರಿ.

ನಮ್ಮ ಓಣಿಯ ಆ ಉಪಕರಣವನ್ನು ಗೋಡೆಯಿಂದ ಇಳಿಸಿದೆವು. ಬಚ್ಚಲಿಗೆ ಹೊಸದಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಫರಸಿಯ ಕೆಳಗೆ ಹುಗಿದುಹೋಗಿದ್ದ ಅರ್ಥಿಂಗ್ ಗುಂಡಿಯನ್ನು ಅಗೆಸಿ ಸರಿಪಡಿಸಿ, ಮೀಟರಿನ ಪಕ್ಕದಲ್ಲಿ ಆರ್‌ಸಿಸಿಬಿ ಕೂಡಿಸಿದ ಮೇಲೆಯೇ ಮುದ್ರೆಯುಳ್ಳ ಗೀಜರು ಬಂತು. ಅಲ್ಲಿಯವರೆಗೆ ಒಂದು ತಿಂಗಳು ಅಜ್ಜಿ ಒಲೆಯ ಮೇಲೆ ಕಾಯಿಸಿದ ನೀರಿನಲ್ಲಿಯೇ ಮಿಂದರು. ಆರ್‌ಸಿಸಿಬಿಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರವುಳ್ಳ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಮನೆಯ ದೀಪಗಳೆಲ್ಲ ಒಮ್ಮೆಗೇ ಆರಬೇಕು, ಆರಿದರೆ ಅದು ಎಚ್ಚರವಾಗಿದೆಯೆಂದು ಅರ್ಥ. ಈ ಪತ್ರವನ್ನು ಕೆಳಗಿಟ್ಟು, ದಯವಿಟ್ಟು ಒಮ್ಮೆ ತಮ್ಮ ಮನೆಯ ಮೀಟರಿನ ಹಲಗೆಯವರೆಗೆ ಹೋಗಿ ಆ ಗುಂಡಿಯನ್ನು ಹುಡುಕಿರಿ. ಅದು ಕಾಣದಿದ್ದರೆ ನಾಳೆಯ ಸ್ನಾನದ ನೀರು ಒಲೆಯ ಮೇಲೆಯೇ ಕಾಯಲಿ. ವಾಯರಮನ್‌ಗೆ ಇಂದೇ ಹೇಳಿಕಳಿಸಿರಿ.

ಇತಿ ತಮ್ಮ ವಿಶ್ವಾಸಿ,
ಬೆಟಗೇರಿಯ ಒಬ್ಬ ನಿವೃತ್ತ ಶಿಕ್ಷಕ